ಗಾಯರಾಣದಲ್ಲೊಂದು ಕಣ

ನೆಲ ಬದುಕಿದೆಯೋ ಸತ್ತಿದೆಯೋ ತಿಳಿಯಬೇಕೆಂದರೆ ಹಿಂದಿನವರು ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿಯುತ್ತಿದ್ದರು. ದ್ರಾಕ್ಷಾಯಣಿ ನೌಕರಿಗೆ ಸೇರುವ ಹೊತ್ತಿಗೆ ಆ ಕೆಲಸಕ್ಕೂ ಒಂದು ಕೋಲು ಬಂದಿತ್ತು. ತೋಳುದ್ದದ ಟೊಳ್ಳು ಕೋಲು, ಅದರ ಹೆಸರು ಉಸಿರುಗೋಲು. ಸರ್ವೆ ನಂಬರಿಗೆ ಒಂದರಂತೆ ಅದನ್ನು ಹೂಳಿ, ಮೇಲೆ ಕಬ್ಬಿಣದ ಕವಚದ ಕಂಬ ನಿಲ್ಲಿಸುತ್ತಿದ್ದರು. ಬೇರು, ಎರೆಹುಳು, ಗೆದ್ದಲು, ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಮಣ್ಣಿನೊಳಗೆ ಕುಳಿತು ಬಿಡುವ ಗಾಳಿಯನ್ನು ಅದು ಅಳೆಯುತ್ತಿತ್ತು, ಅವು ಮಾಡುವ ಸಣ್ಣ ಸದ್ದನ್ನೂ ಕೇಳಿಸಿಕೊಳ್ಳುತ್ತಿತ್ತು. ಅಳೆದದ್ದನ್ನೆಲ್ಲ ಒಂದು ದೊಡ್ಡ ಕಂಪ್ಯೂಟರಿಗೆ ಕಳಿಸುತ್ತಿತ್ತು. ಸರಕಾರ ಅದಕ್ಕಿಟ್ಟ ಹೆಸರು ಪ್ರಾದೇಶಿಕ ನೆಲ ಸಮತೋಲನ ವ್ಯವಸ್ಥೆ. ಅಷ್ಟುದ್ದದ ಹೆಸರು ಯಾರ ಬಾಯಿಗೆ ಹಿಡಿಸೀತು? ಜನ ಅದನ್ನು ತಕ್ಕಡಿ ಎಂದರು.

ತಕ್ಕಡಿಯ ನ್ಯಾಯ ಸರಳವಾಗಿತ್ತು. ಉಸಿರಿದ್ದ ನೆಲ ಪರದೆಯ ಮೇಲೆ ಹಸಿರಾಗಿ ಕಾಣುತ್ತಿತ್ತು, ಅದರ ಮೇಲೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಉಸಿರು ಉಡುಗಿದ ನೆಲ ಬೂದು. ಅಲ್ಲಿ ರಸ್ತೆ ಮಾಡಿ, ಕಾರ್ಖಾನೆ ಹಾಕಿ, ಮನೆ ಕಟ್ಟಿ, ಕೇಳುವವರಿಲ್ಲ. ಅಭಿವೃದ್ಧಿಯೂ ಆಗಬೇಕು, ನೆಲವೂ ಉಳಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಮೊದಲಿಗೆ ಅದು ಒಳ್ಳೆಯದನ್ನೇ ಮಾಡಿತು ಅನ್ನಬೇಕು. ಗುಡ್ಡ ಕೊರೆಯುವವರು ಗಂಟುಮೂಟೆ ಕಟ್ಟಿದರು, ಕೆರೆಯಂಗಳದ ಲೇಔಟುಗಳು ನಿಂತವು. ಎಂಥ ದೊಡ್ಡ ಮನುಷ್ಯ ಬಂದರೂ ಕೋಲಿಗೆ ಕೈಮುಗಿದು ವಾಪಸು ಹೋಗಬೇಕಿತ್ತು.

ಎರೆದಿನ್ನಿಯ ಹೊರಗೆ, ಎಂದೋ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಕಟ್ಟಡದಲ್ಲಿ, ತಕ್ಕಡಿಯ ವಲಯ ಕಚೇರಿ ಇತ್ತು. ಸುತ್ತಲಿನ ಊರುಗಳ ಕೋಲುಗಳು ಕಳಿಸಿದ್ದೆಲ್ಲ ಅಲ್ಲಿನ ಕಂಟ್ರೋಲ್ ರೂಮಿನ ಪರದೆಯ ಮೇಲೆ ಗೆರೆಗಳಾಗಿ ಓಡುತ್ತಿತ್ತು. ಆ ಗೆರೆಗಳನ್ನು ನೋಡಿಕೊಳ್ಳುವುದು ದ್ರಾಕ್ಷಾಯಣಿಯ ಕೆಲಸ. ಅಂದು ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತವಳೇ ಅವಳು ಎರೆದಿನ್ನಿಯ ಗಾಯರಾಣದ ಗೆರೆ ನೋಡಿದಳು. ಗಾಯರಾಣವೆಂದರೆ ಊರ ದನಕರು ಮೇಯಲೆಂದು ಬಿಟ್ಟ ಹುಲ್ಲಿನ ನೆಲ. ಅದರ ಗೆರೆ ಇಳಿಯುತ್ತಿತ್ತು.

"ಸರ್, ಇದನ್ನ ಸ್ವಲ್ಪ ನೋಡ್ರಿ."

ವಲಯಾಧಿಕಾರಿ ವಾದಿರಾಜ ದೇಸಾಯಿಯವರು ಕನ್ನಡಕ ಏರಿಸಿಕೊಂಡು ಬಂದು ಹಿಂದೆ ನಿಂತರು. ಕಚೇರಿಯ ಪೆನ್ನಿನಲ್ಲಿ ಮನೆಯ ಚೀಟಿ ಬರೆಯದ ಮನುಷ್ಯ ಅವರು. ಅವರ ಹೆಂಡತಿ ಒಮ್ಮೆ ಕಚೇರಿ ಜೀಪಿನಲ್ಲಿ ಕೂತದ್ದಕ್ಕೆ ಬಸ್ ಚಾರ್ಜಿನಷ್ಟು ದುಡ್ಡನ್ನು ಖಜಾನೆಗೆ ಕಟ್ಟಿದ್ದರಂತೆ.

"ಬ್ಯಾಟರಿ ಕೆಟ್ಟಿರಬೇಕ್ರಿ. ಇಲ್ಲಾಂದ್ರ ಮಳಿ ಇಲ್ಲದ್ದಕ್ಕ ಹಂಗಾಗಿರಬೇಕು. ಒಮ್ಮೆ ಹೋಗಿ ನೋಡಿ ಬರ್ರಿ," ಎಂದರು.

"ಹೂಂ ಸರ್."

ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಯಾಕೆಂದರೆ ಆ ಗೆರೆ ಇಳಿಯುವುದನ್ನು ಕಂಡು ಅವಳಿಗೆ ಮೊದಲು ಆದದ್ದು ಸಂತೋಷ. ಇನ್ನೊಂಚೂರು ಇಳಿದರೆ ಗಾಯರಾಣ ಬೂದಾಗುತ್ತದೆ. ಬೂದಾದರೆ ಅಲ್ಲಿ ಆಸ್ಪತ್ರೆ ಬರುತ್ತದೆ. ಆಸ್ಪತ್ರೆ ಬಂದರೆ ಶೇಖಪ್ಪ ಬದುಕುತ್ತಾನೆ. ಛೀ, ನೆಲ ಕಾಯುವ ನೌಕರಿ ಮಾಡಿಕೊಂಡು ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಕಣ್ಣು ಮತ್ತೆ ಮತ್ತೆ ಅದೇ ಗೆರೆಯ ಕಡೆ ಹೋಗುತ್ತಿತ್ತು.

ಶೇಖಪ್ಪ ಅವಳ ಗಂಡ. ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಊರಿನವರ ಸುಟ್ಟ ಪಂಪ್‌ಸೆಟ್ಟುಗಳಿಗೆಲ್ಲ ತಂತಿ ಸುತ್ತಿ ಮತ್ತೆ ಓಡುವಂತೆ ಮಾಡುತ್ತಿದ್ದವನಿಗೆ ತನ್ನ ಎರಡು ಕಿಡ್ನಿಗಳನ್ನು ಓಡಿಸಿಕೊಳ್ಳಲಾಗಲಿಲ್ಲ. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಹೋಗುವಾಗ ಮೈಯೆಲ್ಲ ಬಾವು, ಬರುವಾಗ ಹಿಂಡಿ ಹಾಕಿದ ಬಟ್ಟೆ. ನಡುವೆ ತಾಸುಗಟ್ಟಲೆ ಬಸ್ಸು. ಹಳ್ಳ ಬಂದು ಬಸ್ಸು ನಿಂತ ಒಂದು ಸಲವಂತೂ ಅವನು ದಾರಿಯಲ್ಲೇ ಉಸಿರುಗಟ್ಟಿ ಹೋಗುವುದಿತ್ತು. "ಮಷಿನ್ನು ಇವ್ರನ್ನ ಉಳಸ್ತೈತ್ರಿ, ಆದ್ರ ಈ ಹಾದಿ ಕೊಲ್ತೈತಿ. ಹಾರ್ಟು ಸೋತೈತಿ," ಎಂದು ಡಾಕ್ಟರು ಅವಳೊಬ್ಬಳನ್ನೇ ಕರೆದು ಹೇಳಿದ್ದರು.

ಆ ಭಾಗದ ನೀರು ಮೊದಲೇ ಗಡುಸು. ಕಿಡ್ನಿ ಸೋತವರು ಊರೂರಿಗೂ ಇದ್ದರು. ಎರೆದಿನ್ನಿಗೆ ಡಯಾಲಿಸಿಸ್ ಇರುವ ಸಣ್ಣ ಆಸ್ಪತ್ರೆಯೊಂದು ಮಂಜೂರಾಗಿಯೂ ಆಗಿತ್ತು. ಕಟ್ಟಲು ಜಾಗ ಬೇಕಲ್ಲ? ಊರ ಸುತ್ತಲಿನ ಎರೆಹೊಲಗಳೆಲ್ಲ ಕಡು ಹಸಿರು. ಊರಿಗೆ ಸೇರಿದ್ದೆಂದರೆ ಗಾಯರಾಣ, ಅದೂ ಹಸಿರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಒಂದು ಇಲಾಖೆ ಆಸ್ಪತ್ರೆ ಕೊಟ್ಟಿತು, ಇನ್ನೊಂದು ಇಲಾಖೆ ನೆಲ ಕೊಡಲಿಲ್ಲ. ಜನ ಬಂದು ದೇಸಾಯಿಯವರನ್ನು ಕೇಳಿದಾಗ ಅವರು, "ನನ್ನ ಕೈಯಾಗ ಏನೂ ಇಲ್ರಿ, ಎಲ್ಲಾ ಕೋಲು ಹೇಳಿದಂಗ," ಎಂದು ಕೈಮುಗಿದಿದ್ದರು.

ಆ ಸಂಜೆ ಅವಳು ಮನೆಗೆ ಬಂದಾಗ ಶೇಖಪ್ಪ ಹೊರಸಿನ ಮೇಲೆ ಅಡ್ಡಾಗಿದ್ದ. ಬರಿಗಾಲು. ಉಗುರಿನ ಸಂದಿಯಲ್ಲಿ ಸಗಣಿ.

"ಎಲ್ಲಿ ಹೋಗಿದ್ರಿ? ಈ ಸಗಣಿ ಏನು?"

"ಫಕೀರಾಯಿ ಎಮ್ಮಿ ಕೂಡ ಕುಸ್ತಿ ಹಿಡದಿದ್ದೆ. ಅಕಿನ ಗೆದ್ಲು."

"ಫಕೀರಾಯಿಗೆ ಎಲ್ಲೈತ್ರಿ ಎಮ್ಮಿ? ಅಕಿವು ಆಡು."

"ಹಂಗಾದ್ರ ಆಡಿಗೂ ಸೋತೆ ಅಂತ ತಿಳಕೊ." ಅವನು ನಕ್ಕ. ಗೋಡೆಯ ಕಡೆ ಹೊರಳಿ, ಏನೂ ಅರಿಯದವನ ಹಾಗೆ ಕೇಳಿದ: "ಗಾಯರಾಣದ ಗೆರಿ ಹೆಂಗೈತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ. ದ್ರಾಕ್ಷಾಯಣಿಗೆ ಅನುಮಾನ ಬಂತು. ಆದರೆ ಕೇಳಿದರೆ ಅವನು ಹೇಳಿಬಿಡುತ್ತಾನೆ, ಹೇಳಿದರೆ ತಾನು ಸುಮ್ಮನಿರುವಂತಿಲ್ಲ. "ಇಳೀತೈತಿ," ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಆ ಮೇಲಿನ ವಾರ ಗೆರೆ ತಿರುಗಿತು. ತಿರುಗಿದ್ದು ಅಂದರೆ ಎಂಥದು! ಬಾಲ ಮೆಟ್ಟಿಸಿಕೊಂಡ ಬೆಕ್ಕಿನ ಹಾಗೆ ಮೇಲಕ್ಕೆ ಹಾರಿತು. ಹಸಿರನ್ನು ದಾಟಿ, ಪರದೆಯ ಮೇಲೆ ಈವರೆಗೆ ಯಾರೂ ನೋಡಿರದ ಗಾಢ ಬಣ್ಣಕ್ಕೆ ಹೋಗಿ ನಿಂತಿತು. ಗೆರೆಯ ಕೆಳಗೆ ತಕ್ಕಡಿ ತಾನಾಗಿಯೇ ಬರೆಯಿತು: ವಿಶೇಷ ರಕ್ಷಿತ ನೆಲ. ಆ ಪಟ್ಟಕ್ಕೆ ಒಮ್ಮೆ ಏರಿದ ನೆಲವನ್ನು ಮುಂದೆ ಯಾವ ಕಾಲಕ್ಕೂ ಕಟ್ಟಡಕ್ಕೆ ಕೊಡುವಂತಿರಲಿಲ್ಲ.

ದೇಸಾಯಿಯವರು ಮಗುವಿನ ಹಾಗೆ ಕುಣಿದರು. "ಏನ್ರಿ ಇದು ದ್ರಾಕ್ಷಾಯಣಿಯವರ! ಇಡೀ ವಲಯದಾಗ ಇಂಥಾದ್ದು ಇಲ್ಲ. ನಿಮ್ಮೂರ ಮಂದಿ ಭಾರೀ ಮಾಡ್ಯಾರ ನೋಡ್ರಿ!"

"ಹೌದ್ರಿ ಸರ್, ಭಾರೀ ಮಾಡ್ಯಾರ," ಎಂದಳು. ಆಗಲೇ ಎದ್ದು ಗಾಯರಾಣಕ್ಕೆ ನಡೆದಳು.

ಊರ ಹಿಂದಿನ ದಿಬ್ಬ ಹತ್ತಿ ನೋಡಿದರೆ ಹುಲ್ಲಿನ ನಡುವೆ ದುಂಡಗೆ, ನುಣ್ಣಗೆ, ಅಚ್ಚುಕಟ್ಟಾದ ಒಂದು ಕಣ. ಸುಗ್ಗಿಯಲ್ಲಿ ಜೋಳ ತುಳಿಸುವ ಕಣ. ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಎತ್ತುಗಳನ್ನು ಸುತ್ತು ಹಾಕಿಸಿ ಹಾಕಿಸಿ ನೆಲವನ್ನು ಕಲ್ಲಿನಂತೆ ಗಟ್ಟಿ ಮಾಡಿದ್ದರು. ಅದರ ಮೇಲೆ ಸಗಣಿ ಬಳಿದು ಸಾರಿಸಿದ್ದರು. ಎತ್ತು ಕಟ್ಟಲು ಕಣದ ನಡುವೆ ಮೇಟಿ ಕಂಬ ನಿಲ್ಲಿಸುವುದು ರೂಢಿ. ಇವರು ಬೇರೆ ಕಂಬ ಹುಡುಕುವ ಗೋಜಿಗೇ ಹೋಗಿರಲಿಲ್ಲ. ಕಬ್ಬಿಣದ ಕವಚ ಹೊದ್ದು ನಿಂತ ಸರಕಾರದ ಉಸಿರುಗೋಲೇ ಮೇಟಿಯಾಗಿತ್ತು. ಅದಕ್ಕೆ ವಿಭೂತಿ ಬಳಿದು, ಒಂದು ಹೂವನ್ನೂ ಏರಿಸಿದ್ದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೇಳಿದಳು. ಶೇಖಪ್ಪ ಮುಚ್ಚಿಡಲಿಲ್ಲ.

"ನಾನ ಹೇಳಿ ಮಾಡ್ಸಿದ್ದು. ಮಂದಿ ಏನೇನೋ ಅಂದ್ರು. ಉಪ್ಪು ಸುರಿಯೂಣು ಅಂದ್ರು, ಕಳೆ ಕೊಲ್ಲೂ ಎಣ್ಣಿ ಹೊಡಿಯೂಣು ಅಂದ್ರು. ನಾ ಬ್ಯಾಡಂದೆ. ನೆಲಕ್ಕ ವಿಷ ಹಾಕಿದ ಕೈಲೆ ಉಣ್ಣಾಕ ಬರತೈತೇನ? ಕಣ ಮಾಡಿದ್ರ ಪಾಪಿಲ್ಲ. ನೆಲ ಬಾಯಿ ಮುಚ್ಕೊಂಡು ಸುಮ್ನ ಮಲಗತೈತಿ, ಕೋಲಿಗೆ ಸತ್ತಂಗ ಕಾಣತೈತಿ. ಆಸ್ಪತ್ರಿ ಒಂದು ಮೂಲ್ಯಾಗ ಕಟ್ಟಿದ ಮ್ಯಾಲ ಉಳದದ್ದನ್ನ ಮತ್ತ ಎಬ್ಬಿಸಿದ್ರಾತು."

"ಅದೂ ಆಗಿತ್ತು. ಗೆರಿ ಇಳದಿತ್ತು. ಮ್ಯಾಲ ಸಗಣಿ ಯಾಕ ಸಾರಿಸಿದ್ರಿ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಸಾರಿಸಲಾರದ ಕಣ ಎಲ್ಲೆರ ಐತೇನ? ಹಂಗ ಬೋಳ ಬಿಟ್ರ ಊರಿಗೆ ಒಳ್ಳೇದಲ್ಲ ಅಂತ ಹೆಣ್ಮಕ್ಳು ದಿನಾ ಹೋಗಿ ಸಾರಿಸ್ಯಾರ."

ದ್ರಾಕ್ಷಾಯಣಿಗೆ ನಗು ಬಂತು. ನಗು ಬಂದದ್ದು ಅಲ್ಲೇ ಅಳುವಾಯಿತು. "ಅಯ್ಯೋ ನನ್ನ ದೇವ್ರ, ಹಸಿ ಸಗಣಿ ಅಂದ್ರ ಬರೀ ಜೀವಾರೀ ಅದು! ಅದರಾಗ ಹುಳ ಬೀಳತಾವು, ಕೊಳೀತೈತಿ, ಗಾಳಿ ಬಿಡತೈತಿ. ಕೋಲಿಗೇನು ಗೊತ್ತು, ಅದು ನೆಲದ ಉಸಿರೋ ಸಗಣಿ ಉಸಿರೋ? ಸಾಯಿಸಾಕ ಹೋಗಿ ಪಟ್ಟ ಕಟ್ಟಿಸಿ ಬಂದೀರಿ! ಇನ್ನ ಯಾವತ್ತಿಗೂ ಅಲ್ಲಿ ಆಸ್ಪತ್ರಿ ಬರೂದಿಲ್ಲ."

ಶೇಖಪ್ಪನ ಮುಖದ ನಗೆ ನಿಧಾನವಾಗಿ ಹೋಯಿತು. "ಖರೆ ಹೇಳಿಬಿಟ್ರ?" ಎಂದ.

"ಕೋಲು ಕೆಡಿಸಿದ ಊರಿಗೆ ಐದು ವರ್ಷ ಯಾವ ಹೊಸಾ ಜಾಗಾನೂ ಇಲ್ಲ. ಅದು ಕಾಯ್ದೆ."

"ಐದು ವರ್ಷ ನನ್ನ ಹಂತ್ಯಾಕಿಲ್ಲ, ದ್ರಾಕ್ಷಾ."

"ಗೊತ್ತೈತ್ರಿ," ಎಂದಳು. ಹೇಳಿದರೂ ಆಸ್ಪತ್ರೆ ಇಲ್ಲ, ಹೇಳದಿದ್ದರೂ ಇಲ್ಲ. ಆದರೆ ಹೇಳದಿದ್ದರೆ ಕಡೇಪಕ್ಷ ಊರಿನ ಮುಂದೆ ಗಂಡನ ಮರ್ಯಾದೆ ಉಳಿಯುತ್ತದೆ. ತನ್ನ ನೌಕರಿ ಉಳಿದರೆ ಹುಬ್ಬಳ್ಳಿಯ ಖರ್ಚು ನಡೆಯುತ್ತದೆ. ಬಾಯಿ ಮುಚ್ಚಿಕೊಂಡಳು.

ಅವಳು ಬಾಯಿ ಮುಚ್ಚಿದರೇನು, ತಕ್ಕಡಿ ಮುಚ್ಚಬೇಕಲ್ಲ. ಅದು ಬರೀ ತೂಗುವ ಯಂತ್ರವಲ್ಲ, ತೂಗಿದ್ದರಿಂದ ಕಲಿಯುವ ಯಂತ್ರ. ಇಡೀ ವಲಯದಲ್ಲಿ ಅತಿ ಹೆಚ್ಚು ಉಸಿರು ಎಲ್ಲಿದೆ ಎಂದು ಹುಡುಕಿತು, ಎರೆದಿನ್ನಿ ಸಿಕ್ಕಿತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ನೆಲ ಹೇಗಿದೆ ಎಂದು ನೋಡಿತು: ದುಂಡಗಿದೆ, ಬೋಳಾಗಿದೆ, ಎತ್ತುಗಳ ಹೆಜ್ಜೆ ಇದೆ, ಮೇಲೆ ಸಗಣಿ ಇದೆ. ಓಹೋ, ಒಳ್ಳೆಯ ನೆಲ ಅಂದರೆ ಹೀಗಿರಬೇಕು ಎಂದು ತೀರ್ಮಾನಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಎಲ್ಲ ಊರುಗಳ ಪಂಚಾಯತಿಗೂ ಸಲಹೆ ಹೊರಟಿತು. ಗಾಯರಾಣದ ಹುಲ್ಲು ಕೆತ್ತಿರಿ, ತುಳಿಸಿರಿ, ಸಾರಿಸಿರಿ. ಹೆಸರು 'ಎರೆದಿನ್ನಿ ಮಾದರಿ'.

ಜನ ಮಾಡದೆ ಬಿಡುತ್ತಾರೆಯೇ? ಗಾಯರಾಣಕ್ಕೆ ಒಳ್ಳೆಯ ಅಂಕ ಬಂದ ಊರಿಗೆ ಅಲ್ಲಿನ ಬೂದು ನೆಲದಲ್ಲಿ ರಸ್ತೆ, ಗೋದಾಮು, ಕಾಲೇಜು ಬೇಗ ಮಂಜೂರಾಗುತ್ತಿದ್ದವು. ಊರೂರಿಗೆ ಎತ್ತು ಹೂಡಿದರು. ಎತ್ತು ಸಾಲದ ಕಡೆ ಟ್ರಾಕ್ಟರ್ ಓಡಿಸಿದರು. ಬರೀ ಕೋಲಿನ ಸುತ್ತ ಮಾಡಿದರೆ ಸಾಕೆಂದು ಇವರಿಗೆ ಹೇಳುವವರು ಯಾರು? ಇಡೀ ಗಾಯರಾಣವನ್ನೇ ಕಣ ಮಾಡಿದರು. ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲಿ ಇಟ್ಟ ಮೊಟ್ಟೆಗಳು ಗಾಲಿಗೆ ಸಿಕ್ಕಿ ಹೋದವು. ಮೇವಿಲ್ಲದ ಕುರಿಮಂದೆಗಳು ಊರಿಂದೂರಿಗೆ ತಿರುಗತೊಡಗಿದವು. ಸಗಣಿ ಒಣಗಿ ಚಕ್ಕೆಯೆದ್ದು ಹೋದ ಕಡೆಯೆಲ್ಲ ಗಾಳಿ ಬೀಸಿದರೆ ಧೂಳು.

ಕಂಟ್ರೋಲ್ ರೂಮಿನಲ್ಲಿ ಮಾತ್ರ ಹಬ್ಬ. ಒಂದೊಂದೇ ಗೆರೆ ಮೇಲೇರಿ ಪರದೆ ದಿನದಿನಕ್ಕೆ ಹಸಿರಾಗುತ್ತಿತ್ತು. ದ್ರಾಕ್ಷಾಯಣಿ ಪರದೆ ನೋಡುವಳು, ಎದ್ದು ಕಿಟಕಿಗೆ ಹೋಗಿ ಹೊರಗಿನ ಧೂಳು ನೋಡುವಳು, ಮತ್ತೆ ಬಂದು ಕೂರುವಳು. ನಾನು ಒಂದು ಮಾತು ಹೇಳದೆ ಇದ್ದದ್ದಕ್ಕೆ ಇಷ್ಟೆಲ್ಲ ಆಗುತ್ತಿದೆ ಎಂದು ತನ್ನನ್ನೇ ಬೈದುಕೊಳ್ಳುವಳು.

ಒಂದು ಮುಂಜಾನೆ ಅವಳ ಅಡುಗೆಮನೆಯಲ್ಲೇ ಆಡು ಬಂದು ನಿಂತಿತ್ತು. ಹಿಂದೆಯೇ ಫಕೀರವ್ವ. ಗಂಡನಿಲ್ಲದ, ಮಕ್ಕಳಿಲ್ಲದ ಮುದುಕಿ. ನಾಲ್ಕಾರು ಆಡುಗಳೇ ಅವಳ ಸಂಸಾರ. ಊರೆಲ್ಲ ಅವಳನ್ನು ಫಕೀರಾಯಿ ಎನ್ನುತ್ತಿತ್ತು.

"ಬೈಯಬ್ಯಾಡ ಯವ್ವಾ, ಹಸದೈತಿ ಅದು. ಕಣದ ಸುತ್ತ ಇದ್ದ ಹುಲ್ಲನ್ನೂ ಮಗ್ಗಲ ಊರಿನ ಕುರಿ ಬಂದು ತಿಂದು ಹೋದ್ವು. ಅವಕ್ಕರ ಏನನ್ನೂಣು, ಅವೂ ಹಸದಾವು." ಮುದುಕಿ ಆಡಿನ ಕೊರಳು ಹಿಡಿದು ಅಲ್ಲೇ ಕುಕ್ಕರಿಸಿದಳು. "ಶೇಖಪ್ಪನ ಜೀವ ಉಳೀಲಿ ಅಂತ ನಾನೂ ಎರಡು ಬುಟ್ಟಿ ಸಗಣಿ ಹೊತ್ತು ಹಾಕೀನಿ. ಈಗ ನೋಡಿದ್ರ ಅಂವನ ಆಸ್ಪತ್ರೀನೂ ಇಲ್ಲ, ನನ್ನ ಆಡಿನ ಮೇವೂ ಇಲ್ಲ. ಎರಡನ್ನ ಮಾರೀನಿ. ಉಳದದ್ದೂ ಮಾರಿದ್ರ ನಾ ಯಾರ ಕೂಡ ಮಾತಾಡ್ಲಿ?"

ದ್ರಾಕ್ಷಾಯಣಿ ಬುಟ್ಟಿಯಲ್ಲಿದ್ದ ಸೊಪ್ಪನ್ನು ಆಡಿನ ಮುಂದೆ ಹಾಕಿದಳು. ಹೊಸ್ತಿಲಲ್ಲಿ ನಿಂತ ಶೇಖಪ್ಪನೂ ಕೇಳಿಸಿಕೊಂಡಿದ್ದ. ಮುದುಕಿ ಹೋದ ಮೇಲೆ ಅವಳು ಗಂಡನ ಕಡೆ ತಿರುಗಿ, "ನಾ ಹೇಳತೀನಿ," ಎಂದಳು. ಅಂದು ಹುಬ್ಬಳ್ಳಿಗೆ ಹೋಗುವ ಸರದಿ, ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದುಬಿಟ್ಟ.

ಎರೆದಿನ್ನಿಗೆ ಮಾದರಿ ಊರಿನ ಫಲಕ ಕೊಡುವ ಸಮಾರಂಭವನ್ನು ಕಚೇರಿಯ ಅಂಗಳದಲ್ಲೇ ಇಟ್ಟಿದ್ದರು. ಹಳೆಯ ಮಿಲ್ಲಿನ ಅಂಗಳ, ಶಾಮಿಯಾನ, ಮೈಕು. ಊರವರೆಲ್ಲ ಬಂದಿದ್ದರು, ನೆರೆಯೂರುಗಳ ಪಂಚಾಯತಿಯವರೂ ಬಂದಿದ್ದರು. ಬಂದ ಎರೆದಿನ್ನಿಯವರ ಮುಖ ನೋಡಿದರೆ ಸನ್ಮಾನಕ್ಕಲ್ಲ, ತಿಥಿಗೆ ಬಂದ ಹಾಗಿತ್ತು. ಶೇಖಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದ. ದೇಸಾಯಿಯವರು ಫಲಕವನ್ನು ಕೈಗೆತ್ತಿಕೊಳ್ಳುವ ಮೊದಲೇ ದ್ರಾಕ್ಷಾಯಣಿ ಮೈಕಿನ ಹತ್ತಿರ ಹೋದಳು.

"ಸರ್, ಅದನ್ನ ಕೊಡಬ್ಯಾಡ್ರಿ. ಆ ಗೆರಿ ಸುಳ್ಳು."

ಕೋಲಿನ ಸುತ್ತ ಕಣ ಮಾಡಿದ್ದನ್ನು, ಸಾರಿಸಿದ್ದನ್ನು, ಸಗಣಿಯ ಉಸಿರನ್ನು ತಕ್ಕಡಿ ನೆಲದ ಉಸಿರೆಂದು ತಿಳಿದದ್ದನ್ನು, ಅದನ್ನೇ ಎಲ್ಲ ಊರಿಗೂ ಹಂಚಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. "ಮಾಡ್ಸಿದ್ದು ನಮ್ಮ ಮನಿಯವರು, ಶೇಖಪ್ಪ. ಗೊತ್ತಿದ್ದೂ ಮುಚ್ಚಿಟ್ಟಾಕಿ ನಾನು," ಎಂದಳು.

ಎಲ್ಲರ ತಲೆಯೂ ಹಿಂದೆ ತಿರುಗಿತು. ಶೇಖಪ್ಪ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ. "ಅಕಿ ಹೇಳಿದ್ದು ಖರೆ ಐತ್ರಿ ಸಾಹೇಬ್ರ. ಊರವರದು ತಪ್ಪಿಲ್ಲ. ಬದುಕೂ ಆಸೆ ನಂದು, ತಪ್ಪೂ ನಂದು." ಅಷ್ಟು ಹೇಳಿ ಹೆಂಡತಿಯ ಕಡೆ ನೋಡದೆ ಕೂತುಬಿಟ್ಟ.

ದೇಸಾಯಿಯವರು ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಉಳದ ಊರಿನವರೆಲ್ಲ ಇವತ್ತ ಕೆಲಸ ನಿಲ್ಲಸ್ರಿ. ತಕ್ಕಡಿಗೆ ನಾನ ತಿದ್ದುಪಡಿ ಕಳಸ್ತೀನಿ. ಎರೆದಿನ್ನಿಗೆ..." ಅವರು ಬೋರಲು ಬಿದ್ದ ಫಲಕವನ್ನು ಇನ್ನಷ್ಟು ದೂರ ಸರಿಸಿದರು. "ಎರೆದಿನ್ನಿಗೆ ಐದು ವರ್ಷ ಹೊಸಾ ಜಾಗ ಸಿಗೂದಿಲ್ಲ. ನನಗ ಭಾಳ ಕೆಟ್ಟ ಅನಸ್ತದ. ಆದ್ರ ನಿಯಮ ನಿಯಮ. ದ್ರಾಕ್ಷಾಯಣಿಯವರ, ನಿಮ್ಮ ಮ್ಯಾಲೂ ಕ್ರಮ ಆಗ್ತದ."

"ಆಗಲಿ ಸರ್. ನಮಗ ಹೊಸಾ ಜಾಗ ಬ್ಯಾಡ." ಇದನ್ನು ಅವಳು ಹಿಂದಿನ ದಿನವೆಲ್ಲ ಯೋಚಿಸಿದ್ದಳು. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡಿದ್ದಳು. ದಿನವೂ ಅದರೊಳಗೇ ಕೂತು ಊರೆಲ್ಲ ಜಾಗ ಹುಡುಕುತ್ತಿದ್ದವಳು ತಾನು! "ಈ ಮಿಲ್ಲು ಕೊಡ್ರಿ."

"ಯಾವ ಮಿಲ್ಲು?"

"ಇದ ಸರ್, ನಾವು ನಿಂತದ್ದು. ಎರಡು ದೊಡ್ಡ ಹಾಲ್ ಖಾಲಿ ಬಿದ್ದಾವು. ಡಯಾಲಿಸಿಸ್‌ಗೆ ಬೇಕಾದ್ದು ಚೊಕ್ಕ ನೀರು, ನಿಲ್ಲಲಾರದ ಕರೆಂಟು. ಮಣ್ಣು ಪರೀಕ್ಷೆಗಂತ ನೀರು ಸೋಸೂ ಘಟಕ ಇಲ್ಲೈತಿ, ಪರದೆ ಆರಬಾರದಂತ ಬ್ಯಾಟರಿ ಇಲ್ಲೈತಿ. ಕಟ್ಟೂದು ಏನೂ ಇಲ್ಲ."

"ಇದು ಕಚೇರಿ! ಇದನ್ನ ಹೆಂಗ ಕೊಡ್ಲಿಕ್ಕೆ ಬರ್ತದ?"

"ಉಸಿರಿಲ್ಲದ ಸರಕಾರಿ ನೆಲ ಸಾರ್ವಜನಿಕ ಕೆಲಸಕ್ಕ ಮೊದಲು ಕೊಡಬೇಕಂತ ನಿಯಮ ಐತಿ, ಸರ್. ಇಲ್ಲಿ ಯಾರೂ ಕೋಲು ಹೂಳಿಲ್ಲ. ಕಟ್ಟಿದ ನೆಲ ಅಲ್ಲೇನು, ಕೇಳೂದೇನೈತಿ ಅಂತ ಬಿಟ್ಟಾರ. ಇವತ್ತ ಕೇಳೂಣು."

ಒಳಗಿನಿಂದ ಹೊಸ ಕೋಲೊಂದನ್ನು ತಂದು ಅಂಗಳದ ನಡುವೆ ಇಟ್ಟಳು. ಎಷ್ಟೋ ವರ್ಷ ಹತ್ತಿಯ ಲಾರಿಗಳು ಓಡಾಡಿ, ಎಣ್ಣೆ ಸುರಿದು, ಜಲ್ಲಿ ಹಾಸಿ ಗಟ್ಟಿಯಾದ ನೆಲ. ಸುತ್ತಿಗೆಯಲ್ಲಿ ಬಡಿದರೂ ಕೋಲು ಇಳಿಯಲೊಲ್ಲದು. ಯಾರೋ ಬಂದು ಹಾರೆ ಕೊಟ್ಟರು, ಇನ್ನಾರೋ ಸುತ್ತಿಗೆ ತೆಗೆದುಕೊಂಡರು. ಕೋಲು ಇಳಿದ ಮೇಲೆ ಅದು ಅಳೆದು ಮುಗಿಸುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಗುಂಪಿನಲ್ಲಿ ಒಬ್ಬ, "ಸಾಹೇಬ್ರ, ನೀವು ಗಾಯರಾಣದಾಗ ಟೆಂಟ್ ಹಾಕ್ಕೋರಿ, ಸಾರಿಸಿ ಕೊಡತೀವಿ," ಎಂದ. ಮಂದಿ ನಕ್ಕರು. ದೇಸಾಯಿಯವರು ನಗಲಿಲ್ಲ.

ಕೋಲಿನ ಜೊತೆಗೆ ತಂದಿದ್ದ ಸಣ್ಣ ಕೈಪರದೆಯ ಮೇಲೆ ಗೆರೆ ಮೂಡಿತು. ತಳಕ್ಕೆ ಅಂಟಿಕೊಂಡು ನೆಟ್ಟಗೆ ಹೋಗುತ್ತಿತ್ತು. ಬೂದು. ದ್ರಾಕ್ಷಾಯಣಿ ಅದನ್ನು ದೇಸಾಯಿಯವರ ಮುಂದೆ ಹಿಡಿದಳು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ತಮ್ಮ ಕುರ್ಚಿ, ತಮ್ಮ ಪರದೆ, ಕಷ್ಟಪಟ್ಟು ಕಟ್ಟಿದ ಕಚೇರಿ ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಬೇರೆ ಯಾರಾದರೂ ಆಗಿದ್ದರೆ ಕೋಲು ಕೆಟ್ಟಿದೆ ಎಂದು ಎದ್ದು ಹೋಗುತ್ತಿದ್ದರು.

"ನಿಯಮ ನಿಯಮ," ಎಂದರು ಕೊನೆಗೆ. ಈ ಸಲ ಮೆಲ್ಲಗೆ ಹೇಳಿದರು. "ನಾ ಇವತ್ತ ಶಿಫಾರಸು ಬರದು ಕಳಸ್ತೀನಿ. ನಾವು ಎಲ್ಲೆರ ಬಾಡಗಿ ಮನಿ ನೋಡ್ಕೋತೀವಿ."

ಜನ ಕೂಗಿ ಚಪ್ಪಾಳೆ ತಟ್ಟುವಾಗ ದ್ರಾಕ್ಷಾಯಣಿ ಹಿಂದಿನ ಸಾಲು ನೋಡಿದಳು. ಶೇಖಪ್ಪನ ಕುರ್ಚಿ ಖಾಲಿಯಿತ್ತು.

ಸರಕಾರದ ಕೆಲಸ ಎಂದರೂ ಇದು ಬೇಗ ಆಯಿತು ಅನ್ನಬೇಕು, ಕಟ್ಟುವುದು ಇರಲಿಲ್ಲವಲ್ಲ. ಪರದೆ ಇಳಿದು ಜೀಪಿನಲ್ಲಿ ಹೋಯಿತು. ಕಂಟ್ರೋಲ್ ರೂಮಿನಲ್ಲಿ ನಾಲ್ಕು ಡಯಾಲಿಸಿಸ್ ಮಷಿನ್ನುಗಳು ಬಂದು ಕೂತವು. ದ್ರಾಕ್ಷಾಯಣಿಯನ್ನು ಅಮಾನತು ಮಾಡಿದರು, ಅದು ನ್ಯಾಯವೇ ಆಗಿತ್ತು. ಅಂಗಡಿಯಲ್ಲಿ ಕೂತು ಗಂಡನ ಹತ್ತಿರ ತಂತಿ ಸುತ್ತುವುದನ್ನು ಕಲಿತಳು. ಶೇಖಪ್ಪ ಕಲಿಸಿದ. ಊಟ ಮಾಡಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ, ಬಂದವರ ಜೊತೆ ತಮಾಷೆಯನ್ನೂ ಮಾಡಿದ. ಆದರೆ ಆ ದಿನದ ಮಾತನ್ನು ಮಾತ್ರ ಎತ್ತಲಿಲ್ಲ. ಊರ ಮುಂದೆ ತನ್ನ ಹೆಸರು ಹೇಳಿದವಳನ್ನು ಅವನು ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು.

ಅವನು ಮಷಿನ್ನಿಗೆ ಮಲಗಿದ ಹೊತ್ತಿನಲ್ಲಿ ಅವಳಿಗೆ ಪಕ್ಕದಲ್ಲಿ ಕೂರಲಾಗುತ್ತಿರಲಿಲ್ಲ. ಗುದ್ದಲಿ ತೆಗೆದುಕೊಂಡು ಗಾಯರಾಣಕ್ಕೆ ಹೋಗಿ ಕಣ ಅಗೆಯುತ್ತಿದ್ದಳು. ಎತ್ತುಗಳು ಅಷ್ಟು ಚೆನ್ನಾಗಿ ತುಳಿದಿದ್ದವು. ಗುದ್ದಲಿ ಠಣ್ಣೆಂದು ಹಿಂದಕ್ಕೆ ಜಿಗಿಯುತ್ತಿತ್ತು. ಅಲ್ಲಿದ್ದ ಕೋಲನ್ನು ಕಚೇರಿಯವರು ಕಿತ್ತುಕೊಂಡು ಹೋಗಿದ್ದರು. ಕೆಳಗೆ ಜೀವ ಉಳಿದಿದೆಯೋ ಇಲ್ಲವೋ ಹೇಳಲು ಈಗ ಏನೂ ಇರಲಿಲ್ಲ. ಫಕೀರವ್ವ ಒಂದೆರಡು ಸಲ ದೂರದಲ್ಲಿ ನಿಂತು ನೋಡಿ ಹೋಗಿದ್ದಳು.

ಒಂದು ಮಧ್ಯಾಹ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು. ಶೇಖಪ್ಪ ದಿಬ್ಬ ಹತ್ತಿ ಬಂದಿದ್ದ, ಎಡಗೈಗೆ ಸೂಜಿ ಚುಚ್ಚಿದಲ್ಲಿ ಕಟ್ಟಿದ ಪಟ್ಟಿ ಇನ್ನೂ ಹಾಗೇ ಇತ್ತು.

"ಮಷಿನ್ನಿಂದ ಎದ್ದವರು ಮನಿಗೆ ಹೋಗೂದು ಬಿಟ್ಟು ಇಲ್ಲಿಗೆ ಯಾಕ ಬಂದ್ರಿ?"

"ನಾ ತುಳಿಸಿದ್ದು ನೀ ಯಾಕ ಅಗೀತಿ? ಕೊಡಿಲ್ಲಿ."

"ಆ ಕೈಲೆ ಭಾರ ಎತ್ತೂ ಹಂಗಿಲ್ಲ. ಸುಮ್ನ ಕೂಡ್ರಿ."

ಅವನು ಕೂತ. ಸುಮ್ಮನೆ ಕೂರಲಿಲ್ಲ. ಅವಳು ಎಬ್ಬಿಸಿ ಹಾಕಿದ ಹೆಂಟೆಯೊಂದನ್ನು ಎಳೆದುಕೊಂಡು ಬಲಗೈಯಲ್ಲಿ ಪುಡಿ ಮಾಡತೊಡಗಿದ. ಒಂದು ಮುಗಿಯಿತು, ಇನ್ನೊಂದು ತೆಗೆದುಕೊಂಡ.

"ಅಷ್ಟು ಮಂದಿ ಮುಂದ ನನ್ನ ಹೆಸರು ಹೇಳಿದೆಲ್ಲ," ಎಂದ, ತಲೆ ಎತ್ತದೆ. "ಭಾಳ ಸಿಟ್ಟು ಬಂದಿತ್ತು."

ಅವಳ ಗುದ್ದಲಿ ನಿಂತಿತು. "ಈಗ?"

"ಅರ್ಧ ಇಳದೈತಿ."

"ಉಳದರ್ಧ?"

"ಹುಲ್ಲು ಬಂದ ಮ್ಯಾಲ."

"ಬರಲಿಲ್ಲಂದ್ರ?"

"ಬರೂತನಾ ನನ್ನ ಬದುಕಿಸಿ ಇಟ್ಕೋ," ಎಂದ ಶೇಖಪ್ಪ, ಮಣ್ಣಾದ ಕೈಯನ್ನು ಇನ್ನೊಂದು ಹೆಂಟೆಗೆ ಚಾಚುತ್ತ. ದ್ರಾಕ್ಷಾಯಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗುದ್ದಲಿ ಎತ್ತಿದಳು.